ಕೊರಳಿನ ಗುಟ್ಟು

ಕೌಜಲಗಿಯೆಂದೊಡನೆ ರಸಿಕರಿಗೆ ನೆನಪಾಗುವುದು ಶ್ರೀಕೃಷ್ಣ ಪಾರಿಜಾತದ ಕಲಾವಿದೆ ಕೌಜಲಗಿ ನಿಂಗಮ್ಮನ ಹೆಸರು. ಹೆಣ್ಣಿನ ಕೊರಳನ್ನು ಹೀಗೆ ಮೆಚ್ಚಿದ ಊರಿನಲ್ಲಿಯೂ ಕೊರಳೊಳಗಿನ ಒಂದು ಚಿಕ್ಕ ಗ್ರಂಥಿಯ ಮಾತನ್ನು ಹೆಣ್ಣುಮಕ್ಕಳು ಬಾಯಿಬಿಟ್ಟು ಆಡಲಾರರು. ಥೈರಾಯ್ಡ್ ಎಂಬ ಅದರ ಹೆಸರು ಗುರಾಣಿಯೆಂಬರ್ಥದ ಗ್ರೀಕ್ ಶಬ್ದದಿಂದ ಬಂದುದು. ನಾವಾದರೋ ಆ ಗುರಾಣಿಯನ್ನೇ ಸೆರಗಿನಲ್ಲಿ ಮುಚ್ಚಿಡುತ್ತೇವೆ.

ಕಳೆದ ನಾಗರಪಂಚಮಿಗೆ ನನ್ನ ತಂಗಿಯ ಮಗಳು ನಮ್ಮ ಮನೆಗೆ ಬಂದಳು; ಎರಡು ತಿಂಗಳ ಬಸುರಿ. “ಮಾಮಾ, ಎಷ್ಟು ಮಲಗಿದರೂ ದಣಿವು ಹೋಗವಲ್ದು” ಎಂದಳು. ದನಿ ಭಾರವಾಗಿತ್ತು. “ಎರಡು ಜೀವದಾಕಿ, ದಣಿವು ಇರೂದಽ” ಎಂದಳು ನನ್ನ ತಾಯಿ. ಆ ಮಾತು ಸುಳ್ಳಲ್ಲ. ಬಸಿರಿನ ಸಹಜ ಆಯಾಸಕ್ಕೂ ಈ ಗ್ರಂಥಿಯ ಮಂದಗತಿಗೂ ಲಕ್ಷಣಗಳು ಬಹುಮಟ್ಟಿಗೆ ಒಂದೇ. ರಕ್ತಪರೀಕ್ಷೆಯಿಂದಲ್ಲದೆ ಅವನ್ನು ಬೇರ್ಪಡಿಸಲಾಗದು.

ಆದರೆ ನನ್ನ ಮನಸ್ಸು ಚುಚ್ಚಿತು. ಅವಳ ತಾಯಿ ಎಷ್ಟೋ ವರ್ಷಗಳಿಂದ ಥೈರಾಯ್ಡ್ ಗುಳಿಗೆ ನುಂಗುತ್ತಿರುವಳು. ಸಂಬಂಧ ಕೂಡಿಸುವಾಗ “ಬೀಗರಿಗೆ ತಿಳಿಯುವುದು ಬೇಡ” ಎಂದು ಬಚ್ಚಿಟ್ಟವರಲ್ಲಿ ನಾನೂ ಒಬ್ಬ. ಮನೆತನದಲ್ಲಿ ಯಾರಿಗಾದರೂ ಈ ದೋಷವುಂಟೆ ಎಂದು ವೈದ್ಯೆ ಕೇಳಿದಾಗ, ಪಕ್ಕದಲ್ಲಿ ಅತ್ತೆ ಕುಳಿತಿದ್ದರಿಂದ ಹುಡುಗಿ ಇಲ್ಲವೆಂದು ತಲೆಯಾಡಿಸಿದ್ದಳಂತೆ.

ಗರ್ಭಿಣಿಯರ ಥೈರಾಯ್ಡ್ ತಪಾಸಣೆಗೆಂದು ಕೇಂದ್ರ ಸರಕಾರ 2014ರಲ್ಲಿ ಮಾರ್ಗಸೂಚಿ ಹೊರಡಿಸಿತು. ಮನೆತನದಲ್ಲಿ ದೋಷವಿದ್ದವರು, ಹಿಂದೆ ಗರ್ಭಪಾತವಾದವರು, ಗಳಗಂಡವುಳ್ಳವರು ಮೊದಲಾದವರನ್ನು ಗುರುತಿಸಿ ಪರೀಕ್ಷಿಸಬೇಕೆಂಬುದು ಅದರ ಆಶಯ. ನಾವು ಆಡುವ ಒಂದು ‘ಇಲ್ಲ’ ಅದನ್ನು ಕಾಗದದ ಮೇಲೆಯೇ ಉಳಿಸುತ್ತದೆ. ಗರ್ಭದ ಮೊದಲ ಸುಮಾರು 12 ವಾರ ಶಿಶುವಿನ ಸ್ವಂತ ಗ್ರಂಥಿ ಕೆಲಸಕ್ಕೆ ತೊಡಗಿರುವುದಿಲ್ಲ. ಮಿದುಳಿನ ಬೆಳವಣಿಗೆಗೆ ಬೇಕಾದ ಹಾರ್ಮೋನನ್ನು ಅದು ತಾಯಿಯಿಂದಲೇ ಪಡೆಯಬೇಕು. ಸಂಕೋಚಕ್ಕೆ ನಾವು ಕೊಡುವ ವಾರಗಳು ಆ ಕೂಸಿನ ವಾರಗಳು.

ಅವಳನ್ನು ಗೋಕಾಕಕ್ಕೆ ಕರೆದೊಯ್ದು ಇದ್ದುದನ್ನು ಇದ್ದಂತೆ ಹೇಳಿದೆವು. ಟಿಎಸ್‌ಎಚ್ ಏರಿತ್ತು. ಇದು ಮಿದುಳಿನ ಬುಡದ ಗ್ರಂಥಿ ಥೈರಾಯ್ಡಿಗೆ ಕಳಿಸುವ ತಾಕೀತು. ಕೆಲಸ ಮಂದವಾದಷ್ಟೂ ತಾಕೀತು ಹೆಚ್ಚುತ್ತದೆ. ಮತ್ತೊಂದು ಪರೀಕ್ಷೆಯ ತರುವಾಯ ವೈದ್ಯರು ಲಿವೊಥೈರಾಕ್ಸಿನ್ ಗುಳಿಗೆ ಬರೆದುಕೊಟ್ಟರು. ಎದ್ದೊಡನೆ ಬರಿಹೊಟ್ಟೆಯಲ್ಲಿ ನೀರಿನೊಡನೆ ನುಂಗಬೇಕು. ಚಹಕ್ಕೆ ಅರ್ಧ ತಾಸಾದರೂ ಕಾಯಬೇಕು. ಕಬ್ಬಿಣ, ಕ್ಯಾಲ್ಸಿಯಂ ಗುಳಿಗೆಗಳಿಗೆ 4 ತಾಸಿನ ಅಂತರವಿರಬೇಕು. ಸುಮಾರು 4 ವಾರಕ್ಕೊಮ್ಮೆ ರಕ್ತ ನೋಡಿ ಪ್ರಮಾಣ ಹೊಂದಿಸುವರು. “ಕೂಸಿಗೆ ಏನಾರ ಆದೀತು” ಎಂದು ನನ್ನ ತಾಯಿ ಅಂಜಿದಳು. ದೇಹ ತಾನೇ ಮಾಡಿಕೊಳ್ಳುವ ವಸ್ತುವನ್ನೇ ಗುಳಿಗೆ ತುಂಬಿಕೊಡುತ್ತದೆ. ಅಂಜಿಕೆಯಿರಬೇಕಾದದ್ದು ಮನಸ್ವೀ ಬಿಟ್ಟುಬಿಡುವುದಕ್ಕೆ.

ಬಳಿಕ ನಾನೇ ಬೀಗರ ಮನೆಗೆ ಹೋಗಿ ಎಲ್ಲವನ್ನೂ ತಿಳಿಸಿದೆ. “ಮೊದಲಽ ಹೇಳಬಾರದಿತ್ತೇನ್ರಿ?” ಎಂದರು ಆಕೆಯ ಅತ್ತೆ. ಹೇಳಿದ್ದರೆ ಸಂಬಂಧ ಕೂಡುತ್ತಿತ್ತೆ ಎಂಬ ಪ್ರಶ್ನೆ ನನ್ನ ನಾಲಗೆಯ ತುದಿಗೆ ಬಂದು ನಿಂತಿತು. ತಪ್ಪು ಬಚ್ಚಿಟ್ಟ ನಮ್ಮದು. ಬಚ್ಚಿಡುವಂತೆ ಮಾಡುವ ಸಮಾಜದ್ದೂ ಹೌದು. ದಿನಕ್ಕೊಂದು ಗುಳಿಗೆಯಿಂದ ಹತೋಟಿಗೆ ಬರುವ ದೋಷವನ್ನು ಕನ್ಯೆಯ ಕಳಂಕವೆಂದೆಣಿಸುವುದನ್ನು ಬಿಡದ ಹೊರತು ವೈದ್ಯರ ಪ್ರಶ್ನೆಗೆ ನಿಜವಾದ ಉತ್ತರ ದೊರೆಯದು. ಮದುವೆಯಲ್ಲಿ ಒಡವೆ-ವಸ್ತ್ರಗಳ ಯಾದಿ ಮಾಡುವ ನಾವು, ಮನೆತನದ ಆರೋಗ್ಯದ ನಾಲ್ಕು ಮಾತುಗಳನ್ನೂ ಮಗಳ ಕೈಗಿಡಬೇಕು; ಅದನ್ನು ಯಾರೆದುರಿಗೂ ನುಡಿಯುವ ಧೈರ್ಯವನ್ನು ಅವಳ ಕೊರಳಿಗೆ ಕೊಡಬೇಕು.