ದೂರದ ದುರ್ಬೀನು

ತೆಲಿಗಿಯ ನಮ್ಮ ಸ್ನೇಹಿತರೊಬ್ಬರು ಲಕ್ಷ ರೂಪಾಯಿಗೂ ಮಿಕ್ಕ ಬೆಲೆಯಿತ್ತು ಒಂದು ದುರ್ಬೀನನ್ನು ತರಿಸಿರುವರು. ಗುರಿಕಾರರು ಬಂದೂಕಿನ ಮೇಲೆ ಕೂರಿಸುವ ದುರ್ಬೀನಿಗೆ ಇದು ದಾಯಾದಿ; ಗುರಿಯ ಗೆರೆಗಳು ಮಾತ್ರ ಇದರಲ್ಲಿಲ್ಲ. ಅದನ್ನು ಪರೀಕ್ಷಿಸಲೆಂದು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರಕ್ಕೆ ಹೋಗಿದ್ದೆವು. 2017ರಲ್ಲಿ ಸರ್ಕಾರದವರು ಪಕ್ಷಿಗಳಿಗೆಂದು ಕಾದಿರಿಸಿದ ಕೆರೆಯದು. ನೀರಿನಲ್ಲಿ ನಿಂತ ಜಾಲಿಮರಗಳ ತುಂಬ ಗೂಡುಗಳು.

ಯಂತ್ರದ ಮೇಲೆ 20ರಿಂದ 60 ಮಡಿ ಎಂದು ಬರೆದಿದೆ. ಅರವತ್ತನ್ನು ಕಂಡು ಹಿಗ್ಗುವವರೇ ಹೆಚ್ಚು. ಆದರೆ ಮುಂಗಾಜಿನ ಅಗಲ 80 ಮಿಲಿಮೀಟರು. ಅದನ್ನು ಮಡಿಯ ಸಂಖ್ಯೆಯಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂತೆಯ ಅಗಲವು ದೊರೆಯುತ್ತದೆ. 20ರಲ್ಲಿ ಅದು 4 ಮಿಲಿಮೀಟರು. 60ರಲ್ಲಿ ಒಂದೂಕಾಲಕ್ಕೆ ತುಸು ಹೆಚ್ಚು. ಆದುದರಿಂದ ಮುಂಜಾವಿನ ಮಬ್ಬಿನಲ್ಲಿ ಮಡಿ ಏರಿಸಿದಷ್ಟೂ ನೋಟ ಮಸಕು. ಬಿಸಿಲೇರಿದ ಮೇಲಂತೂ ನಮ್ಮ ಸೀಮೆಯ ಕಾದ ನೆಲದಿಂದೇಳುವ ಗಾಳಿಯಲ್ಲಿ ಹಕ್ಕಿಯ ರೂಪವೇ ನಡುಗುವುದು. ಇದಕ್ಕೆ ಯಾವ ಬೆಲೆಯ ಗಾಜೂ ಮದ್ದಲ್ಲ. ಮುಕ್ಕಾಲಿಯು ಗಟ್ಟಿಯಿಲ್ಲದಿದ್ದರೆ ಕೊಟ್ಟ ಹಣವೂ ಅದರೊಡನೆಯೇ ಅಲ್ಲಾಡಿದಂತೆ!

ಹೊತ್ತು ಮೂಡಿದ ಮೊದಲ ಗಳಿಗೆಯಲ್ಲಿ, 30 ಮಡಿಯಲ್ಲಿ ಕಂಡುದೇ ಬೇರೆ. ಏರಿಯ ಮೇಲೆ ನಿಂತೇ ಬಣ್ಣದ ಕೊಕ್ಕರೆಯ ಹಳದಿ ಕೊಕ್ಕು, ಬೆನ್ನಿನ ಗುಲಾಬಿ ಗರಿ, ಅದು ಗರಿ ತಿದ್ದಿಕೊಳ್ಳುವ ಪರಿ, ಎಲ್ಲವೂ ತಿಳಿಯಾಗಿ ಕಂಡವು. ಫೋಟೋದ ಆಸೆಗೆ ಗೂಡಿನ ಬುಡಕ್ಕೇ ಹೋಗುವವರನ್ನು ವಾಚಕರು ಬಲ್ಲರು. ತಾಯಿಹಕ್ಕಿ ಬೆದರಿ ಹಾರಿದರೆ ಮರಿ ಬಿಸಿಲಿಗೆ ಬೇಯುವುದು, ತತ್ತಿ ಕಾಗೆಗೆ ತುತ್ತಾಗುವುದು. ದೂರದಲ್ಲಿಯೇ ನಿಲ್ಲಿಸುವುದು ಈ ಯಂತ್ರದ ದೊಡ್ಡ ಗುಣವೆಂದು ನಮ್ಮ ಮತ.

ಅಷ್ಟು ಹಣವಿಲ್ಲದ ಮನೆಗೆ, ಕೆಲವೇ ಸಾವಿರಕ್ಕೆ ಸಿಕ್ಕುವ 8 ಮಡಿಯ, 42 ಮಿಲಿಮೀಟರಿನ ಜೋಡಿ ದುರ್ಬೀನು ಸಾಕು. ಭಾಗಿಸಿ ನೋಡಿರಿ: ಅದರ ಬೆಳಕಿನ ಕಂತೆ ಲಕ್ಷದ ಯಂತ್ರದ್ದಕ್ಕಿಂತ ಅಗಲ.