ಯಜಮಾನರ ಸೊಂಟನೋವು, ನಮ್ಮ ನಾಚಿಕೆ

ಅರಳಿಕಟ್ಟೆ ಮೇಲೆ ಕೂತ ಯಾವ ಯಜಮಾನರನ್ನಾದರೂ ಮಾತಾಡಿಸಿ ನೋಡಿ. ಮಂಡಿನೋವಿನ ಕಥೆ ಹೇಳುತ್ತಾರೆ, ಬಿಪಿ, ಸಕ್ಕರೆ ಎಷ್ಟಿದೆ ಅಂತ ಬಾಯಿಪಾಠ ಒಪ್ಪಿಸುತ್ತಾರೆ. ರಾತ್ರಿ ಒಂದಕ್ಕೆ ಎಷ್ಟು ಸಲ ಏಳ್ತೀರಿ ಅಂದರೆ ಮಾತ್ರ, "ವಯಸ್ಸಾಯ್ತಲ್ಲಪ್ಪ, ಇದೆಲ್ಲ ಇದ್ದದ್ದೇ" ಅಂತ ಮಾತು ಮುಗಿಸಿಬಿಡುತ್ತಾರೆ.

ಇದ್ದದ್ದೇ, ನಿಜ. ವಯಸ್ಸಾದವರಲ್ಲಿ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗುವುದು ಮಾಮೂಲು; ಅದೆಲ್ಲ ಕ್ಯಾನ್ಸರ್ ಅಲ್ಲ. ಆದರೆ ಕೆಲವರಲ್ಲಿ ಅದೇ ಗ್ರಂಥಿಯ ಕ್ಯಾನ್ಸರ್ ಸದ್ದಿಲ್ಲದೆ ಬೆಳೆದು ಮೂಳೆಗೆ ಇಳಿದಿರುತ್ತದೆ. ಆಗ ಕೂಗುವುದು ಸೊಂಟ, ಬೆನ್ನು. ಮನೆಯವರು ಎಣ್ಣೆ ತಿಕ್ಕುತ್ತಾರೆ, ಮೆಡಿಕಲ್ ಶಾಪಿನವರು ನೋವಿನ ಮಾತ್ರೆ ಕೊಡುತ್ತಾರೆ. ಮೂಳೆ ಮುರಿದಾಗಲೋ, ಕಾಲಿನ ಶಕ್ತಿ ಹೋದಾಗಲೋ ವಿಷಯ ಬಯಲಾಗುತ್ತದೆ.

ಇದು ಹಳ್ಳಿ ಬಡವರ ಕಥೆ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದ ಅಧ್ಯಕ್ಷರಾಗಿದ್ದ ಜೋ ಬೈಡನ್ ಅವರಿಗೆ 2025ರ ಮೇ ತಿಂಗಳಲ್ಲಿ ಈ ಕಾಯಿಲೆ ಪತ್ತೆಯಾಯಿತು. ಆಗ ಅವರಿಗೆ 82 ವರ್ಷ. ಅಷ್ಟರಲ್ಲೇ ಅದು ಮೂಳೆಗೆ ಹರಡಿತ್ತು. ಅದಕ್ಕೆ ಹಿಂದೆ ಅವರ ಪಿಎಸ್ಎ ರಕ್ತಪರೀಕ್ಷೆ ಆಗಿದ್ದು 2014ರಲ್ಲಿ ಅಂತ ಅವರ ಕಡೆಯವರೇ ಹೇಳಿದರು.

ಹಾಗಂತ ಮುದುಕರನ್ನೆಲ್ಲ ಸಾಲಾಗಿ ನಿಲ್ಲಿಸಿ ರಕ್ತ ತೆಗೆಯಿರಿ ಅನ್ನುತ್ತಿಲ್ಲ. ತೊಂದರೆಯೇ ಇಲ್ಲದವರಿಗೆ 70ರ ಮೇಲೆ ಈ ತಪಾಸಣೆ ಬೇಡ ಅಂತ ಅಮೆರಿಕದ ತಜ್ಞರ ಮಂಡಳಿ 2018ರಲ್ಲಿ ಹೇಳಿತ್ತು. ನಿಧಾನಕ್ಕೆ ಬೆಳೆಯುವ ಗಡ್ಡೆಗೆ ಬೇಡದ ಚಿಕಿತ್ಸೆ ಕೊಟ್ಟರೆ ಅದೂ ಹಿಂಸೆಯೇ. ಆದರೆ ತೊಂದರೆ ಹೊತ್ತು ಬಂದವರ ವಿಷಯ ಬೇರೆ. ಬಿಡದ ಸೊಂಟನೋವು, ಕಟ್ಟಿ ಕಟ್ಟಿ ಬರುವ ಮೂತ್ರ, ಅದರಲ್ಲಿ ರಕ್ತ, ಇಳಿಯುವ ತೂಕ. ಇವನ್ನು ಕಂಡೂ ಗುದದ್ವಾರದಲ್ಲಿ ಬೆರಳಿಟ್ಟು ನೋಡುವ ಪುಟ್ಟ ಪರೀಕ್ಷೆ ಮಾಡದಿದ್ದರೆ, ಪಿಎಸ್ಎ ಬರೆದುಕೊಡದಿದ್ದರೆ, ಅದು ವೈದ್ಯರ ತಪ್ಪು. ಅನುಮಾನ ಬಂದರೆ ಬಯಾಪ್ಸಿ, ಮೂಳೆಯ ಸ್ಕ್ಯಾನ್ ಇದ್ದೇ ಇವೆ.

ಇನ್ನೊಂದು ಮಾತು. ಆಸ್ಪತ್ರೆಯಲ್ಲಿ ಇಪ್ಪತ್ತು ಜನರ ಎದುರು "ತಾತಾ, ಉಚ್ಚೆ ಸರಿಯಾಗಿ ಹೋಗ್ತದಾ?" ಅಂತ ಕೂಗಿದರೆ ಯಾವ ಮರ್ಯಾದಸ್ಥ ಬಾಯಿ ಬಿಟ್ಟಾನು? ಒಂದು ಪರದೆ ಕಟ್ಟಲು ಎಷ್ಟು ಖರ್ಚಾಗುತ್ತೆ ಸ್ವಾಮಿ?

ಮೂಳೆಗೆ ಹೋದ ಮೇಲೆ ಪೂರ್ತಿ ವಾಸಿಯಾಗುವುದಿಲ್ಲ. ಆದರೆ ಕೈಚೆಲ್ಲಬೇಕಿಲ್ಲ. ಗಂಡು ಹಾರ್ಮೋನು ತಗ್ಗಿಸಿದರೆ ಈ ಕ್ಯಾನ್ಸರ್ ಕುಗ್ಗುತ್ತದೆ ಅಂತ ಚಾರ್ಲ್ಸ್ ಹಗಿನ್ಸ್ 1941ರಲ್ಲೇ ತೋರಿಸಿದರು. 1966ರಲ್ಲಿ ಅವರಿಗೆ ನೊಬೆಲ್ ಬಂತು. ಇಂಜೆಕ್ಷನ್ನಿಗೆ ದುಡ್ಡಿಲ್ಲದವರಿಗೆ ಒಂದೇ ಸಲದ ಸಣ್ಣ ಆಪರೇಷನ್ ಇದೆ. ಎಷ್ಟೋ ಜನರಿಗೆ ನೋವು ತಗ್ಗಿ, ಮತ್ತೆ ಕಟ್ಟೆಯವರೆಗೆ ನಡೆದು ಬರುವಂಥ ವರ್ಷಗಳು ಸಿಗುತ್ತವೆ.

ಇವತ್ತು ರಾತ್ರಿ ಪತ್ರಿಕೆ ಮಡಚಿಟ್ಟು ಅಪ್ಪನನ್ನು ಒಂದು ಮಾತು ಕೇಳಿ. ನಾಚಿಕೆ ಅವರಿಗಿದ್ದರೆ ಇರಲಿ, ನಿಮಗೆ ಬೇಡ.