ಭೂವಿಜ್ಞಾನದ ಪಾಠ ಬಂಡೆಯ ಮುಂದೆಯೇ ನಡೆಯಲಿ
ಭೂವಿಜ್ಞಾನ ಓದಿದವರಿಗೆ ಕೆಲಸವಿರುವುದು ಗಣಿ, ಅಂತರ್ಜಲ, ಸುರಂಗ, ಭೂಕುಸಿತದ ಸಮೀಕ್ಷೆಗಳಲ್ಲಿ. ಅಲ್ಲಿ ಶಿಲಾಪದರದ ದಿಕ್ಕು, ಬಾಗು ಅಳೆದು ನಕ್ಷೆ ಬರೆಯಲು ಬರಬೇಕು; ಪುಸ್ತಕವೊಂದೇ ಇದನ್ನು ಕಲಿಸದು. ಕ್ಷೇತ್ರಕಾರ್ಯಕ್ಕೆ ಹಣವಿಲ್ಲ ಎಂಬ ಕಾಲೇಜುಗಳ ಮಾತಿನಲ್ಲಿ ನಿಜವಿದೆ. ಆದರೆ ಲಾಲ್‌ಬಾಗಿನ ನೈಸ್ ಬಂಡೆ, ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ, ಮಲ್ಪೆಯಾಚೆಯ ಸೇಂಟ್ ಮೇರಿಸ್ ದ್ವೀಪದ ಶಿಲಾಕಂಬಗಳು ನಮ್ಮ ರಾಜ್ಯದಲ್ಲೇ ಇವೆ. ಹಟ್ಟಿಯಲ್ಲಿ ಚಿನ್ನದ ಗಣಿ ಇಂದಿಗೂ ನಡೆಯುತ್ತಿದೆ. ದೂರದ ಪ್ರವಾಸವೇ ಬೇಕೆಂದಿಲ್ಲ.

ನೇಮಕವಾದ ಮೇಲೆ ಇಲಾಖೆಯೇ ತರಬೇತಿ ಕೊಡುತ್ತದಲ್ಲ ಎನ್ನುವವರೂ ಇದ್ದಾರೆ. ಅದು ಆಯ್ಕೆಯಾದ ಕೆಲವರಿಗಷ್ಟೇ. ಉಳಿದವರಿಗೆ ಅನುಭವವೆಲ್ಲಿಂದ ಬರಬೇಕು? 2018ರಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದನ್ನು ಕಂಡ ನಾಡಿಗೆ ನೆಲವನ್ನು ಓದಬಲ್ಲ ತರುಣರು ಬೇಕು. ಸರ್ಕಾರ ಕ್ಷೇತ್ರ ತರಬೇತಿಯನ್ನು ಕಡ್ಡಾಯ ಮಾಡಿ, ಅದರ ವೆಚ್ಚವನ್ನೂ ತಾನೇ ಭರಿಸಲಿ.